ಹೊರಗಿನವರ ಸಾಲು

ಸಿದ್ಧಕಟ್ಟೆ
9 ನವೆಂಬರ್ 2024

ಅಮ್ಮ,

ಕಾಗದ ಬರೆಯದೆ ಎಂಟು ತಿಂಗಳಾಯಿತು. ಬೈಯಬೇಡ. ನಿಮ್ಮ ಗುಡ್ಡೆಗೆ ನೆಟ್‌ವರ್ಕ್ ಬರುವವರೆಗೆ ನಾನು ಬರೆಯುವುದು, ನೀನು ಓದಿ ಅಪ್ಪನಿಗೆ ಹೇಳುವುದು, ನಮ್ಮ ಫೋನು ಇದೇ. ತಮ್ಮ ಅಶೋಕ ಪೇಟೆಗೆ ಬಂದ ದಿನ ಅವನ ಮೊಬೈಲಿಗೆ ಮಾಡಬಹುದು. ಆದರೆ ಈ ಮನೆಯಲ್ಲಿ ಫೋನು ಹಿಡಿದರೆ ಪಕ್ಕದಲ್ಲಿ ಯಾರಾದರೂ ಇದ್ದೇ ಇರ್ತಾರೆ. ಆಗ ನನ್ನ ಸ್ವರ ನನ್ನದಾಗಿರುವುದಿಲ್ಲ.

ಮಕ್ಕಳ ಮೂಡುಬಿದಿರೆ ಶಾಲೆಗೆ ಡಿಸೆಂಬರ್ 22ರಿಂದ ಹತ್ತು ದಿನ ಕ್ರಿಸ್ಮಸ್ ರಜೆ. ಸಾತ್ವಿಕಾಗೆ ಎಂಟು ತುಂಬಿತು, ಶೋಧನ್‌ಗೆ ಐದು. ಅವಳ ಕ್ಲಾಸಿನ ಶಬ್ನಾಳ ಮನೆಗೆ ಪ್ರತಿ ರಜೆಗೂ ತಾಯಿಯ ಅಮ್ಮ ಬರ್ತಾರಂತೆ. ಮೊನ್ನೆ ಸಾತ್ವಿಕಾ ನನ್ನ ಹತ್ತಿರ ಕೇಳಿದಳು, ನಿನಗೆ ಅಮ್ಮ ಇಲ್ಲವಾ ಅಂತ. ಉಂಟು ಅಂದೆ. ಹಾಗಾದರೆ ಅವರಿಗೆ ರಜೆ ಸಿಗುವುದಿಲ್ಲವಾ ಅಂತ ಕೇಳಿದಳು.

ನೀನೂ ಅಪ್ಪನೂ ಬನ್ನಿ. ರಂಜಿತ್ ಒಪ್ಪಿದ್ದಾರೆ. ಅತ್ತೆ ಬರಲಿ ಅಂದಿದ್ದಾರೆ. ಮಾವ ಏನೂ ಹೇಳಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಅಂಗಳದ ಆಚೆ ಹೊರಗಿನ ಕೋಣೆ ಉಂಟಲ್ಲ, ಅದನ್ನು ಗುಡಿಸಿ, ತೊಳೆದು, ಎರಡು ಮಂಚ ಹಾಕಿಸಿದ್ದೇನೆ. ಫ್ಯಾನ್ ಹೊಸತು. ಊಟ ನಾನೇ ಅಲ್ಲಿಗೆ ತಂದುಕೊಡ್ತೇನೆ. ಮಕ್ಕಳು ಅಲ್ಲೇ ಬಂದು ಆಡ್ತಾರೆ. ತೊಂದರೆ ಆಗಲಿಕ್ಕಿಲ್ಲ.

ಬರ್ತೀರಲ್ಲ?

ನಿನ್ನ ಮಗಳು
ಭವ್ಯ


ಗುಡ್ಡೆಮನೆ, ಬೆಳ್ತಂಗಡಿ ತಾಲೂಕು
22 ನವೆಂಬರ್ 2024

ಮಗಾ ಭವ್ಯ,

ಪೋಸ್ಟಿನವನು ಗುಡ್ಡೆ ಹತ್ತುವುದಿಲ್ಲ. ನಿನ್ನ ಕಾಗದ ಕೆಳಗಿನ ಅಂಗಡಿಯಲ್ಲಿ ಆರು ದಿನ ಬಿದ್ದಿತ್ತು. ಅಪ್ಪ ಮೂರು ಸಲ ಓದಿಸಿದರು. ಅಜ್ಜಿಗೆ ರಜೆ ಸಿಗುವುದಿಲ್ಲವಾ ಅಂತ ಅವಳು ಕೇಳಿದ್ದಕ್ಕೆ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅಂಗಳಕ್ಕೆ ಹೋಗಿ ಸುಮಾರು ಹೊತ್ತು ಆಚೆ ಮುಖ ಮಾಡಿ ನಿಂತರು. ಬಂದವರು ಚೀಲ ಹುಡುಕಲು ಸುರು ಮಾಡಿದರು. ಇನ್ನೂ ಒಂದು ತಿಂಗಳು ಉಂಟು ಅಂದರೆ ಕೇಳುವುದಿಲ್ಲ.

ಎರಡನೆಯ ಸಲ ಓದುವಾಗ ನನಗೆ ಬೇರೆ ಕಂಡಿತು. ಹೊರಗಿನ ಕೋಣೆಯ ಮಂಚ ಬರೆದಿದ್ದೀ, ಫ್ಯಾನು ಬರೆದಿದ್ದೀ. ಒಳಗಿನ ಕೋಣೆಗಳ ಬಗ್ಗೆ ಒಂದು ಅಕ್ಷರ ಇಲ್ಲ. ಆ ಮನೆಗೆ ಎದುರಿನಲ್ಲಿ ಆರು ಕಿಟಕಿ. ಸಾತ್ವಿಕಾಳನ್ನು ತೊಟ್ಟಿಲಿಗೆ ಹಾಕಿದ ದಿನ ಎಣಿಸಿದ್ದೇನೆ. ಹೊರಗೆ ಕೂರಿಸಿದರೆ ಎಣಿಸಲು ಪುರುಸೊತ್ತು ಸಿಗ್ತದೆ. ಆವತ್ತು ಎಲ್ಲರ ಊಟ ಆದ ಮೇಲೆ ನಮಗೆ ಅಂಗಳದಲ್ಲಿ ಎಲೆ ಹಾಕಿದರು. ಉಂಡೆವು. ನಿನ್ನ ಅಪ್ಪ ಎರಡೂ ಎಲೆ ತೆಗೆದು ಬಿಸಾಡಿ, ಕೂತ ಜಾಗಕ್ಕೆ ನೀರು ಹಾಕಿ ಬಂದರು. ಯಾರೂ ಹೇಳಿರಲಿಲ್ಲ. ಹೇಳುವುದೇ ಬೇಡ, ನಮಗೆ ಅಷ್ಟು ಚಂದ ಮಾಡಿ ಕಲಿಸಿದ್ದಾರೆ. ನೀನು ಮೂರನೆಯ ಕಿಟಕಿಯಲ್ಲಿ ನಿಂತಿದ್ದೆ.

ಮಾಣಿ ಪೇಟೆಯಲ್ಲಿ ನಿನ್ನ ಮಾವನ ಹೋಟೆಲು. ಅಲ್ಲಿ ಲಾರಿಯವ, ಮೀನಿನವ, ಬೀಡಿಯವಳು, ಯಾರು ಬೇಕಾದರೂ ಒಳಗೆ ಹೋಗಿ ಬೆಂಚಿನಲ್ಲಿ ಕೂತು ತಿನ್ನಬಹುದು. ಗೋಡೆಯಲ್ಲಿ ಸುಸ್ವಾಗತ ಅಂತ ಬರೆಸಿದ್ದಾರೆ. ಸೊಸೆಯ ಅಪ್ಪ ಅಮ್ಮನಿಗೆ ಮಾತ್ರ ಅಂಗಳದ ಆಚೆ. ಇದು ಯಾವ ನ್ಯಾಯ ಅಂತ ನೀನು ಕೇಳುವುದಿಲ್ಲ. ನಾನು ಕೇಳ್ತೇನೆ.

ಬೀಡಿ ಕಟ್ಟಿ ನಿನ್ನನ್ನು ಓದಿಸಿದವಳು ನಾನು. ಊರಿಗೆ ಅಕ್ಷರ ಕಲಿಸುವವರು ಬಂದಾಗ ಇಪ್ಪತ್ತೆಂಟನೆಯ ವರ್ಷದಲ್ಲಿ ಸ್ಲೇಟು ಹಿಡಿದೆ. ಸಂಘದ ಧರಣಿಯಲ್ಲಿ ಮೂರು ದಿನ ಗೇಟಿನ ಎದುರು ಕೂತೆ, ನೀನು ಮಡಿಲಲ್ಲಿದ್ದೆ. ಗೇಟು ತೆರೆಯಿತು. ಮೊಮ್ಮಕ್ಕಳ ಮನೆಯ ಬಾಗಿಲು ಅದಕ್ಕಿಂತ ದಪ್ಪವಾ?

ನನಗೆ ಆಸೆ ಇಲ್ಲ ಅಂದುಕೊಳ್ಳಬೇಡ. ಆ ಹುಡುಗಿಯ ತಲೆ ಬಾಚಿ ಜಡೆ ಹಾಕುವ ಆಸೆ ಎಂಟು ವರ್ಷದಿಂದ ಈ ಬೆರಳುಗಳಲ್ಲಿ ಕೂತಿದೆ. ಆದರೆ ಬರುವುದಾದರೆ ಎದುರಿನ ಬಾಗಿಲಿನಿಂದ ಬರ್ತೇನೆ. ಒಳಗೆ ಉಣ್ತೇನೆ, ಒಳಗೆ ಮಲಗ್ತೇನೆ. ಆಗುವುದಿಲ್ಲ ಅಂತಾದರೆ ಅವಳಿಗೆ ಹೇಳಿಬಿಡು, ಅಜ್ಜಿಗೆ ರಜೆ ಸಿಗಲಿಲ್ಲ ಅಂತ.

ನಿನ್ನ ತಾಯಿ
ಅಮ್ಮಣಿ


ಸಿದ್ಧಕಟ್ಟೆ
1 ಡಿಸೆಂಬರ್ 2024

ಅಮ್ಮ,

ನೀನು ಕಾಗದ ಬರೆದದ್ದಲ್ಲ, ಮೈಕ್ ಹಿಡಿದದ್ದು.

ಧರಣಿಯಲ್ಲಿ ನಿನ್ನ ಹಿಂದೆ ಇನ್ನೂರು ಹೆಂಗಸರಿದ್ದರು. ಇಲ್ಲಿ ನಾನೊಬ್ಬಳು. ನೀನು ಘೋಷಣೆ ಕೂಗಿ ಮನೆಗೆ ಹೋಗ್ತಿದ್ದೆ. ನನಗೆ ಮನೆ ಇದೇ. ರಂಜಿತ್ ಒಳ್ಳೆಯವರೇ, ಮನೆಯವರನ್ನು ಎದುರು ಹಾಕಿಕೊಂಡು ನನ್ನನ್ನು ಮದುವೆಯಾದವರು. ಆದರೆ ಮಾವನ ಎದುರು ನಿಂತರೆ ಅವರಿಗೆ ಹದಿನೈದು ವರ್ಷ. ಶೋಧನ್ ಹುಟ್ಟಿದಾಗ ನಲವತ್ತು ದಿನ ಅತ್ತೆ ತನ್ನ ಕೈಯಿಂದ ನನಗೆ ಎಣ್ಣೆ ಹಚ್ಚಿ ಮೀಯಿಸಿದ್ದಾರೆ. ಅದನ್ನೂ ಬರೆಯಬೇಕು. ನಿನ್ನನ್ನು ಆಗ ಕರೆಯಲಿಲ್ಲ. ಅದನ್ನೂ ಬರೆಯಬೇಕು.

ಇನ್ನೊಂದು ಉಂಟು. ಯಾರ ಹತ್ತಿರವೂ ಹೇಳಲಿಲ್ಲ.

ಹೋದ ಸಂಕ್ರಮಣಕ್ಕೆ ವೇಣೂರಿನ ಹತ್ತಿರ ಅತ್ತೆಯ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲ ಇತ್ತು. ನಿನಗೆ ಗೊತ್ತಲ್ಲ, ಇವರಲ್ಲೂ ನಮ್ಮಲ್ಲೂ ಕಟ್ಟುಕಟ್ಟಳೆ ಒಂದೇ. ಮಕ್ಕಳಿಗೆ ಬರುವುದು ತಾಯಿಯ ಬಳಿ, ಅವಳ ಕುಲದ ಹೆಸರು, ತಂದೆಯದ್ದಲ್ಲ. ಪೂಜೆ ಮುಗಿದು ಪ್ರಸಾದ ಕೊಡುವಾಗ ಎರಡು ಸಾಲು ನಿಲ್ಲಿಸ್ತಾರೆ. ಮೊದಲು ಬಳಿಯವರದ್ದು. ಅತ್ತೆ, ಅವರ ಅಣ್ಣ, ರಂಜಿತ್, ಇವರ ತಂಗಿ ನವ್ಯಾ ಊರಲ್ಲಿದ್ದರೆ ಅವಳು, ಅವಳ ಮಗ. ಆಮೇಲೆ ಹೊರಗಿನವರ ಸಾಲು. ಗಂಡಂದಿರು, ಸೊಸೆಯಂದಿರು, ಗಂಡುಮಕ್ಕಳ ಮಕ್ಕಳು. ನಾನೂ ನನ್ನ ಮಕ್ಕಳೂ ನಿಲ್ಲಬೇಕಾದದ್ದು ಅಲ್ಲಿ. ಅತ್ತೆ ಮಕ್ಕಳ ಕೈ ಹಿಡಿದು ಮೊದಲಿನ ಸಾಲಿಗೆ ಎಳೆದುಕೊಂಡರು. ಅವರ ಅಣ್ಣ, ಕುಟುಂಬದ ಯಜಮಾನರು, ಈ ಮಕ್ಕಳ ಬಳಿ ಯಾವುದು ಅಂತ ಕೇಳಿದರು. ನಮ್ಮದೇ ಅಂದರು ಅತ್ತೆ.

ಅವರು ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ನಾನು ಯಾರ ಮಗಳು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳ ಬಳಿ ಹೇಳಬೇಕಾದವಳು ತಾಯಿ. ನನ್ನ ಬಾಯಲ್ಲಿ ಬರಬೇಕಾದ ಮಾತು. ಬರಲಿಲ್ಲ ಅಮ್ಮ. ತಲೆ ತಗ್ಗಿಸಿ ನಿಂತೆ. ವಾಪಸು ಬರುವಾಗ ಬಳಿ ಅಂದರೇನು ಅಂತ ಸಾತ್ವಿಕಾ ಕೇಳಿದಳು. ಅಜ್ಜಿ ಹೇಳಿದ್ದೇ ಸರಿ ಅಂದೆ.

ಈಗ ಬೈ.

ಭವ್ಯ


ಗುಡ್ಡೆಮನೆ
7 ಡಿಸೆಂಬರ್ 2024

ಕಾಂತಿಯಕ್ಕನಿಗೆ ಅಮ್ಮಣಿ ಬರೆಯುವುದು.

ನಾನು ನಿಮಗೆ ಕಾಗದ ಬರೆಯುವುದು ಇದೇ ಮೊದಲು. ಧನಿಗಳ ಹೆಂಡತಿಗೆ ಅಂತ ಬರೆಯುವುದಿಲ್ಲ, ಅಕ್ಕ ಅಂತಲೇ ಬರೆಯುವುದು. ನಿಮಗೆ ನನಗಿಂತ ಎರಡು ವರ್ಷ ಹೆಚ್ಚು.

ತಂಬಿಲದ ದಿನ ನಡೆದದ್ದು ನನಗೆ ಗೊತ್ತಾಯಿತು. ಹೇಳಿದವಳಿಗೆ ನೀವು ಏನೂ ಹೇಳಬಾರದು. ಹೇಳುವುದಿದ್ದರೆ ನನಗೆ ಹೇಳಿ, ಕೇಳುವ ಕಿವಿ ಗಟ್ಟಿ ಉಂಟು.

ನಾನು ಲೆಕ್ಕ ಸರಿಯಾಗಿ ಹಾಕುವವಳು, ಬೀಡಿ ಬ್ರಾಂಚಿನವರನ್ನು ಕೇಳಿ ನೋಡಿ. ರಂಜಿತ್ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನು, ನಿಮ್ಮ ಬಳಿ. ಮಕ್ಕಳೂ ನಿಮ್ಮ ಬಳಿ ಅಂದಿರಿ. ಮಕ್ಕಳಿಗೆ ಬಳಿ ತಾಯಿಯಿಂದ ಬರುವುದು. ಹಾಗಾದರೆ ನನ್ನ ಮಗಳೂ ನಿಮ್ಮ ಬಳಿ ಆದಳು. ಒಂದೇ ಬಳಿಯ ಗಂಡು ಹೆಣ್ಣು ಅಣ್ಣ ತಂಗಿ. ನಿಮ್ಮ ಮಗ ತಂಗಿಯನ್ನು ಮದುವೆಯಾದ ಅಂತ ನೀವೇ ನಿಮ್ಮ ದೈವದ ಎದುರು ಹೇಳಿ ಬಂದಿರಿ ಅಕ್ಕ. ನಮ್ಮ ಜಾತಿ ಮುಚ್ಚಲು ಹೋಗಿ ನಿಮ್ಮ ಕಟ್ಟನ್ನೇ ಮುರಿದಿರಿ. ಕಾಡಿನವರಿಗೆ ಬಳಿ ಇಲ್ಲ ಅಂದುಕೊಂಡಿದ್ದೀರಾ? ನಮಗೂ ಉಂಟು. ನನ್ನ ಅಮ್ಮನಿಂದ ನನಗೆ, ನನ್ನಿಂದ ಭವ್ಯನಿಗೆ, ಅವಳಿಂದ ಆ ಎರಡು ಮಕ್ಕಳಿಗೆ. ನೀವು ನಿಮ್ಮದೆಂದರೂ ಅದು ನಿಮ್ಮದಾಗುವುದಿಲ್ಲ.

ಮಕ್ಕಳನ್ನು ಎತ್ತಿಕೊಂಡು ಹೋಗಲು ನಾನು ಬರೆಯುತ್ತಿಲ್ಲ. ಹತ್ತು ದಿನ ಸಾಕು. ಅವಳ ತಲೆ ಬಾಚಬೇಕು. ಅವನಿಗೆ ಒಂದು ತುತ್ತು ಬಾಯಿಗೆ ಕೊಡಬೇಕು. ನಿಮ್ಮ ಕಟ್ಟಿನ ಪ್ರಕಾರವೇ ನಾನು ಆ ಮಕ್ಕಳ ಬಳಿಯ ಹಿರಿಯಳು. ಹಿರಿಯಳನ್ನು ಹೊರಗಿನ ಕೋಣೆಯಲ್ಲಿ ಮಲಗಿಸುವುದು ನಿಮ್ಮಲ್ಲಿ ಉಂಟಾ?

ಕಠಿಣ ಮಾತು ಬರೆದೆ. ಮೆದುವಾಗಿ ಬರೆದಿದ್ದರೆ ನೀವು ಓದಿ ಮುಗಿಸುತ್ತಿರಲಿಲ್ಲ.

ಇಂತಿ
ಅಮ್ಮಣಿ


ಸಿದ್ಧಕಟ್ಟೆ
15 ಡಿಸೆಂಬರ್ 2024

ಅಮ್ಮಣಿಯವರಿಗೆ,

ನಿಮ್ಮಷ್ಟು ಬರೆಯಲು ನನಗೆ ಬರುವುದಿಲ್ಲ. ಏಳನೆಯ ಕ್ಲಾಸಿಗೆ ಬಿಡಿಸಿದರು.

ಕಾಗದ ಓದಿ ಒಲೆಗೆ ಹಾಕುವ ಅಂತ ಎದ್ದೆ. ಅದರಲ್ಲಿ ಒಂದು ಸುಳ್ಳಾದರೂ ಸಿಗಲಿ ಅಂತ ಮತ್ತೆ ಓದಿದೆ. ಸಿಗಲಿಲ್ಲ.

ಆ ಮಾತು ಬಾಯಿ ತಪ್ಪಿ ಬಂದದ್ದಲ್ಲ. ನನ್ನ ಮಗಳು ನವ್ಯಾ ಬಹರೈನಿನಲ್ಲಿ. ಅವಳಿಗೆ ಒಬ್ಬನೇ ಮಗ. ಎರಡು ವರ್ಷಕ್ಕೊಮ್ಮೆ ಬಂದಾಗ ನನ್ನ ಮುಖ ಕಂಡು ಅಳ್ತಾನೆ, ಗುರುತು ಆಗುವಾಗ ವಿಮಾನ ಹತ್ತುವ ದಿನ ಬರ್ತದೆ. ಬಳಿಯಲ್ಲಿ ನನ್ನವನು ಅವನು. ಕೈಯಲ್ಲಿ ಬೆಳೆದದ್ದು ಈ ಎರಡು. ಇವು ನನ್ನ ಕುಟುಂಬಕ್ಕೆ ಸೇರುವುದಿಲ್ಲ, ನಮ್ಮ ಜಾತಿಯ ಸೊಸೆ ಬಂದಿದ್ದರೂ ಸೇರ್ತಿರಲಿಲ್ಲ, ನನಗೆ ಗೊತ್ತಿಲ್ಲದ್ದಲ್ಲ. ನಿಮ್ಮ ಕಡೆಯ ಹೆಸರು ಅಲ್ಲಿ ಬರಬಾರದು ಅಂತ ನಾಚಿಕೆಯಿಂದ ಅರ್ಧ ಹೇಳಿದೆ. ಆಸೆಯಿಂದ ಅರ್ಧ ಹೇಳಿದೆ. ಯಾವ ಅರ್ಧ ದೊಡ್ಡದು ಅಂತ ಕೇಳಬೇಡಿ.

ನಿಮ್ಮ ಕಾಗದವನ್ನು ಇವರಿಗೆ ಓದಲು ಕೊಟ್ಟೆ. ಓದಿದರು, ಮಡಚಿ ವಾಪಸು ಕೊಟ್ಟರು. ನಲವತ್ತೆರಡು ವರ್ಷದಲ್ಲಿ ನಾನು ಇವರ ಸಿಟ್ಟು ಕಂಡಿದ್ದೇನೆ. ಇದು ಸಿಟ್ಟಾ ಬೇರೆಯಾ ಗೊತ್ತಾಗಲಿಲ್ಲ.

22ಕ್ಕೆ ಬನ್ನಿ. ಎದುರಿನ ಬಾಗಿಲಿನಲ್ಲಿ ನಾನು ಇರ್ತೇನೆ. ಮಕ್ಕಳ ಕೋಣೆಯಲ್ಲಿ ಜಾಗ ಉಂಟು. ಭವ್ಯನ ಅಪ್ಪ ಹುಕ್ರಪ್ಪರಿಗೆ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಆಗ್ತದಲ್ಲ?

ಕಾಂತಿ


ಸಿದ್ಧಕಟ್ಟೆ
28 ಡಿಸೆಂಬರ್ 2024

ಮಗಾ ಅಶೋಕ,

ದನಕ್ಕೆ ಹೊತ್ತಿಗೆ ಸರಿಯಾಗಿ ನೀರು ಕೊಡು. ಜೀಪಿನ ಬಾಡಿಗೆ ಸಿಕ್ಕಿತು ಅಂತ ಮರೆತು ಹೋಗಬೇಡ.

ನಾವು ಸುಖವಾಗಿ ತಲುಪಿದೆವು. ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಮೂರು ಬಸ್ಸು. ಅಪ್ಪ ಗೆಣಸಿನ ಚೀಲವನ್ನು ಮೂರು ಬಸ್ಸಿನಲ್ಲೂ ಮಡಿಲಿನಿಂದ ಇಳಿಸಲಿಲ್ಲ, ಮಗು ಮಲಗಿದ ಹಾಗೆ ಹಿಡಿದುಕೊಂಡಿದ್ದರು. ಗೇಟಿನ ಹತ್ತಿರ ಬರುವಾಗ ಅವರ ಕಾಲು ತನ್ನಷ್ಟಕ್ಕೆ ಅಂಗಳದ ಬದಿಗೆ ತಿರುಗಿತು. ನಾನು ತೋಳು ಹಿಡಿದು ನೆಟ್ಟಗೆ ಮಾಡಿದೆ. ಕಾಂತಿಯಕ್ಕ ಹೇಳಿದ ಹಾಗೆ ಬಾಗಿಲಿನಲ್ಲೇ ಇದ್ದರು. ಕಾಲಿಗೆ ನೀರು ಕೊಟ್ಟರು, ಕುಡಿಯಲು ಬೆಲ್ಲ ನೀರು ಕೊಟ್ಟರು.

ಭವ್ಯನ ಮಾವ ಸಂಕಪ್ಪಣ್ಣ ಚಾವಡಿಯಲ್ಲಿ ಕೂತಿದ್ದವರು ಎದ್ದರು, ಅಂಗಿ ಹಾಕಿದರು, ಸ್ಕೂಟರ್ ತೆಗೆದು ಮಾಣಿಗೆ ಹೋದರು. ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೋಟೆಲಿನಲ್ಲಿ ಕೆಲಸ ಅಂತ ರಂಜಿತನ ಹತ್ತಿರ ಹೇಳಿ ಕಳಿಸಿದರು. ನಿನ್ನ ಅಪ್ಪನಿಗೆ ಗಂಜಿ ಇಳಿಯಲಿಲ್ಲ. ಒಬ್ಬರ ಮನೆಗೆ ಬಂದು ಅವರನ್ನೇ ಹೊರಗೆ ಹಾಕಿದ ಹಾಗಾಯಿತು, ನಾವು ಹೋಗುವ ಅಂದರು. ಹುಟ್ಟಿದಂದಿನಿಂದ ನಾವು ಹೊರಗೆ ಕೂತಿದ್ದೇವೆ, ಅವರು ಮೂರು ದಿನ ಕೂರಲಿ ಅಂದೆ ನಾನು. ಅಂದದ್ದು ಹೌದು. ಹಾಸಿಗೆಯಲ್ಲಿ ಮಾತ್ರ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು.

ಮಕ್ಕಳ ಬಗ್ಗೆ ಏನು ಬರೆಯಲಿ. ಸಾತ್ವಿಕಾ ಮೊದಲ ದಿನ ಬಾಗಿಲ ಸಂದಿಯಿಂದ ನೋಡಿದಳು. ಎರಡನೆಯ ದಿನ ಬಾಚಣಿಗೆ ತಂದು ನನ್ನ ಎದುರು ಬೆನ್ನು ಹಾಕಿ ಕೂತಳು. ಬಾಚಿದೆ. ನನ್ನ ಒರಟು ಬೆರಳಿಗೆ ಅವಳ ಕೂದಲು ಸಿಕ್ಕಿಕೊಂಡಿತು, ಅಯ್ಯೋ ಅನ್ನಲಿಲ್ಲ. ನಿಮ್ಮ ಬೆರಳು ಯಾಕೆ ಹೀಗೆ ಅಂತ ಕೇಳಿದಳು. ಬೀಡಿ ಕಟ್ಟಿ ಅಂದೆ. ಎಷ್ಟು ಕಟ್ಟಿದಿರಿ ಅಂದಳು. ನಿನ್ನ ಅಮ್ಮ ಟೀಚರ್ ಆಗುವಷ್ಟು ಅಂದೆ. ಶೋಧನ್ ಅಂತೂ ನಿನ್ನ ಅಪ್ಪನ ಹೆಗಲಿನಿಂದ ಇಳಿಯುವುದಿಲ್ಲ. ಅಪ್ಪ ಈಗ ಆನೆ, ಬಸ್ಸು, ಮರ, ಎಲ್ಲವೂ.

ಮೂರನೆಯ ದಿನ ಕಾಂತಿಯಕ್ಕ ಅಡುಗೆಮನೆಗೆ ಕರೆದು ಕಾಯಿ ತುರಿಯಲು ಕೊಟ್ಟರು. ಅದನ್ನು ಮರ್ಯಾದೆ ಅಂತ ತಿಳಿಯಬೇಕಾ ಕೆಲಸ ಅಂತ ತಿಳಿಯಬೇಕಾ ಅಂತ ಒಂದು ಗಳಿಗೆ ಯೋಚಿಸಿದೆ. ಆಮೇಲೆ ಅವರೂ ಕಾಯಿಯ ಇನ್ನೊಂದು ಕಡಿ ಹಿಡಿದು ಪಕ್ಕದಲ್ಲಿ ಕೂತರು. ಇಬ್ಬರೂ ತುರಿದೆವು.

ಮೊನ್ನೆ 26ಕ್ಕೆ ಅಪ್ಪ ಯಾರಿಗೂ ಸರಿಯಾಗಿ ಹೇಳದೆ, ಬಸ್ಸು ತೋರಿಸಿ ಬರ್ತೇನೆ ಅಂತ ಶೋಧನ್‌ನನ್ನು ಕರೆದುಕೊಂಡು ಹೋದವರು ನಾಲ್ಕು ಗಂಟೆಗೆ ಬಂದರು. ಹಿಂದೆಯೇ ಸಂಕಪ್ಪಣ್ಣನ ಸ್ಕೂಟರ್. ಸಂಜೆ ನಮ್ಮೊಟ್ಟಿಗೆ ಒಳಗೆ ಊಟಕ್ಕೆ ಕೂತರು. ಸಾರಿಗೆ ಉಪ್ಪು ಕಡಿಮೆ ಅಂದರು. ಅಷ್ಟೇ ಮಾತು. ಎಲ್ಲಿಗೆ ಹೋದದ್ದು ಅಂತ ಅಪ್ಪನನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಗೋಳಿಬಜೆ ತಿಂದೆವು ಅಂತಾನೆ ಶೋಧನ್.

ಒಂದನೆಯ ತಾರೀಕಿಗೆ ಬರ್ತೇವೆ.

ಅಮ್ಮ


ಸಿದ್ಧಕಟ್ಟೆ
8 ಜನವರಿ 2025

ಅಮ್ಮ,

ನೀವು ಹೋದ ಮೇಲೆ ಎರಡು ದಿನ ಸಾತ್ವಿಕಾ ತಲೆ ಬಾಚಲು ಬಿಡಲಿಲ್ಲ. ಅಜ್ಜಿ ಹಾಕಿದ ಜಡೆ ಹಾಗೇ ಇರಲಿ ಅಂತ. ಮೂರನೆಯ ದಿನ ಶಾಲೆಯವರು ಚೀಟಿ ಕಳಿಸಿದರು.

26ಕ್ಕೆ ಏನಾಯಿತು ಅಂತ ರಂಜಿತ್ ನಿನ್ನೆ ಹೇಳಿದರು. ಅವರಿಗೂ ಇಷ್ಟು ದಿನ ಬಾಯಿಗೆ ಬರಲಿಲ್ಲವಂತೆ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಅಪ್ಪ ಶೋಧನ್‌ನ ಕೈ ಹಿಡಿದು ಮಾಣಿಯ ಹೋಟೆಲಿನ ಎದುರು ನಿಂತಿದ್ದರಂತೆ. ಒಳಗೆ ಬರಲಿಲ್ಲ. ಶೋಧನ್ ಎಳೆದು ತಂದು ಬೆಂಚಿನಲ್ಲಿ ಕೂರಿಸಿದ. ಮಾವ ಕೌಂಟರಿನಲ್ಲಿ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ರಂಜಿತ್ ಒಳಗಿನಿಂದ ಎರಡು ಚಾ, ಒಂದು ಪ್ಲೇಟ್ ಗೋಳಿಬಜೆ ಕಳಿಸಿದರು. ದಿನಾ ಬರುವ ಪಿಕಪ್‌ನ ಬದ್ರುದ್ದೀನ್ ಬ್ಯಾರಿ ಅಲ್ಲಿದ್ದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. "ಸಂಕಪ್ಪಣ್ಣ, ಮಗುವನ್ನು ಕರೆದುಕೊಂಡು ಬಂದದ್ದು ಯಾರು? ಹೊಸ ಆಳಾ?" ಅಂದರು.

ಮಾವನಿಗೆ ಕೇಳಿಸಿತು. ಪೇಪರ್ ಇಳಿಯಲಿಲ್ಲ.

ಆಗ ಅಪ್ಪ ಬೆಂಚಿನಿಂದ ಅರ್ಧ ಎದ್ದು, ಕೈ ಮುಗಿದು ಹೇಳಿದ್ದು ಕೇಳು. "ಹೌದಣ್ಣ, ಆಳೇ."

ರಂಜಿತ್‌ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತಂತೆ. ಮಾವ ಪೇಪರ್ ಇಟ್ಟರು, ಕೌಂಟರಿನಿಂದ ಇಳಿದು ಬಂದರು.

"ಆಳಲ್ಲ ಮಾರಾಯ. ಮಕ್ಕಳ ಅಜ್ಜ."

"ಅಜ್ಜ ನೀವಲ್ಲವಾ?" ಅಂತ ಬದ್ರುದ್ದೀನ್ ಬ್ಯಾರಿ ನಕ್ಕರು.

"ನಾನೂ ಅಜ್ಜ. ಇವರೂ ಅಜ್ಜ. ಮಕ್ಕಳ ಬಳಿ ಇವರ ಹೆಂಡತಿಯದ್ದು. ನಾವಿಬ್ಬರೂ ಹೊರಗಿನವರೇ."

ಹೇಳಿ ಅಪ್ಪನ ಎದುರು ಅದೇ ಬೆಂಚಿನಲ್ಲಿ ಕೂತರು. ಅಪ್ಪ ಇನ್ನೂ ನಿಂತೇ ಇದ್ದರು, ಕೂತುಕೊಳ್ಳಿ ಅಂತ ಎರಡು ಸಲ ಹೇಳಬೇಕಾಯಿತು. ಮಾವ ಇನ್ನೊಂದು ಪ್ಲೇಟ್ ಬಜೆ ತರಿಸಿದರು. ಶೋಧನ್ ಇಬ್ಬರ ಪ್ಲೇಟಿನಿಂದಲೂ ತಿಂದ. ಒಂದು ಬಾಣಲೆ ಬಜೆ ಕರಟಿ ಹೋಯಿತು ಅಂತ ರಂಜಿತ್ ಹೇಳುವಾಗ ನಗಲು ಹೋದರು, ಆಗಲಿಲ್ಲ.

ಭವ್ಯ


ಗುಡ್ಡೆಮನೆ
20 ಜನವರಿ 2025

ಮಗಾ,

ಆಳೇ ಅಂದಿರಾ ಅಂತ ನಿನ್ನ ಅಪ್ಪನನ್ನು ಕೇಳಿದೆ. ಊರಲ್ಲಿ ಅವರ ಮರ್ಯಾದೆ ಹೋಗುವುದು ಬೇಡ ಅಂತ ಹೇಳಿದೆ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತು ವರ್ಷ ನಾನು ಕೂಗಿದ ಘೋಷಣೆ ಈ ಮನುಷ್ಯನ ಒಂದು ಕಿವಿಗಾದರೂ ಹೋಗಲಿಲ್ಲವಾ ಅಂತ. ಬೈಯಲು ಬಾಯಿ ತೆರೆದೆ. ಅವರ ಕಾಲು ಕಂಡಿತು. ಹಿಮ್ಮಡಿ ಒಡೆದಿತ್ತು. ಎಣ್ಣೆ ತಂದು ಹಚ್ಚಿದೆ. ಬೈದದ್ದು ಎಣ್ಣೆ ಹಚ್ಚುತ್ತಾ.

ಸಂಕಪ್ಪಣ್ಣನದ್ದು ಸಣ್ಣ ಮಾತಲ್ಲ. ಆದರೆ ಒಂದು ಹೋಟೆಲಿನಲ್ಲಿ ಒಬ್ಬರು ಒಂದು ಮಾತು ಹೇಳಿದ್ದಕ್ಕೆ ಎಲ್ಲ ಸರಿಯಾಯಿತು ಅಂತ ನಾನು ಕುಣಿಯುವವಳಲ್ಲ. ಅವರದ್ದು ಅವರು ಹೇಳಿದರು. ಕಾಂತಿಯಕ್ಕ ತನ್ನದನ್ನು ನನಗೆ ಬರೆದರು. ನಿನ್ನದು ಬಾಕಿ ಉಂಟು.

ಫೆಬ್ರವರಿ ಸಂಕ್ರಮಣಕ್ಕೆ ಮತ್ತೆ ತಂಬಿಲ ಉಂಟು ಅಂತ ಕಾಂತಿಯಕ್ಕ ಹೇಳ್ತಿದ್ದರು. ನಾನು ಬಂದು ಹೇಳಬಹುದು. ಮೈಕೂ ಬೇಡ. ಆದರೆ ಬಳಿ ನನ್ನಿಂದ ಹಾರಿ ಮಕ್ಕಳಿಗೆ ಹೋಗುವುದಿಲ್ಲ, ನಿನ್ನನ್ನು ದಾಟಿ ಹೋಗಬೇಕು. ನನ್ನ ಕಾಗದಕ್ಕೆ ಹೆದರಿ ಹೇಳಬೇಡ. ನಿನ್ನ ಮಗಳು ಪಕ್ಕದಲ್ಲಿ ನಿಂತು ಕೇಳ್ತಾಳೆ, ಅದಕ್ಕೆ ಹೇಳು. ಹೆದರಿಕೆ ಆಗ್ತದೆ. ಗೇಟಿನ ಎದುರು ನನಗೂ ಆಗ್ತಿತ್ತು, ಮಡಿಲಲ್ಲಿದ್ದ ನಿನ್ನನ್ನು ಗಟ್ಟಿ ಹಿಡಿದುಕೊಳ್ತಿದ್ದೆ. ಈ ಮಾತು ನಾನು ಸಂಘದಲ್ಲಿ ಯಾರಿಗೂ ಹೇಳಲಿಲ್ಲ.

ಅಮ್ಮ


ಸಿದ್ಧಕಟ್ಟೆ
14 ಫೆಬ್ರವರಿ 2025

ಅಮ್ಮ,

ಹೇಳಿದೆ.

ಅತ್ತೆ ಮಕ್ಕಳನ್ನು ತನ್ನ ಅಣ್ಣನ ಎದುರು ನಿಲ್ಲಿಸಿ, ಹೋದ ಸಲ ನಾನು ತಪ್ಪು ಹೇಳಿದೆ, ತಾಯಿ ಹೇಳ್ತಾಳೆ ಅಂತ ಹೇಳಿ ಹಿಂದೆ ಸರಿದರು. ಅವರ ಕಣ್ಣು ತುಂಬಿತ್ತು. ನಾನು ಬಳಿ ಹೇಳಿದೆ. ಸ್ವರ ಸಣ್ಣದಾಯಿತು ಅಂತ ಇನ್ನೊಮ್ಮೆ ಹೇಳಿದೆ. ಅಮ್ಮಣಿಯ ಮಗಳು ಅಂತಲೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ.

ಒಬ್ಬರು ತಮ್ಮ ಮಗುವನ್ನು ಎತ್ತಿಕೊಂಡು ಆಚೆ ಹೋದರು. ಅವರ ಹೆಸರು ಬರೆಯುವುದಿಲ್ಲ, ಬೇಡ. ಯಜಮಾನರು, ಹಾಗಾದರೆ ಸಾಲಿಗೆ ಹೋಗಿ ಅಂತ ಕೈ ತೋರಿಸಿದರು.

ನಾವು ಹೊರಗಿನವರ ಸಾಲಿಗೆ ಹೋದೆವು. ಅಲ್ಲಿ ಕೊನೆಯಲ್ಲಿ ಮಾವ ನಿಂತಿದ್ದರು. ಸಾತ್ವಿಕಾಗೆ ಆಶ್ಚರ್ಯ. ಅಜ್ಜ, ನೀವು ಯಾಕೆ ಇಲ್ಲಿ ಅಂತ ಕೇಳಿದಳು.

"ಮದುವೆಯಾದಂದಿನಿಂದ ನಾನು ನಿಲ್ಲುವುದು ಇಲ್ಲೇ," ಅಂದರು ಮಾವ. "ಕಾಲು ನೋಯ್ತದೆ. ನನ್ನ ಕೈ ಹಿಡಿದುಕೋ."

ಅಮ್ಮಣಿಯ ಮಗಳು
ಭವ್ಯಶ್ರೀ